ಹನ್ನೊಂದನೆಯ ಪಟದ ಅಡಿಬರಹ

ಸಲಾಲಾದ ಹಾಫಾ ಪೇಟೆಯಲ್ಲಿ, ಲೋಬಾನದ ಅಂಗಡಿಗಳ ಹಿಂದುಗಡೆ
ಬಖೀತರ ಸ್ಟುಡಿಯೋ. ನೀಲಿ ಪರದೆ ಒಂದು,
ಬಿಳಿ ಪರದೆ ಒಂದು, ನಾನೊಬ್ಬ.
ಈ ತಿಂಗಳು ಮುಖಗಳು ಕಡಿಮೆ.
ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದೇ ತೆಗೆದು
ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗಿಸುತ್ತೇನೆ
ಬೆಟ್ಟದ ಯುದ್ಧದ ಕಪ್ಪುಬಿಳುಪು ಪಟಗಳನ್ನು:
ಟಾರ್ಪಾಲಿನ ಮೇಲೆ ಸಾಲು ಬಂದೂಕು,
ಬಂದರಿನಲ್ಲಿ ಬಂಗುಡೆ ಜೋಡಿಸಿಟ್ಟ ಹಾಗೆ,
ಹಿಂದೆ ನಿಂತವರು ಮೊಣಕಾಲಿನಿಂದ ಕೆಳಗಷ್ಟೇ.

ಪ್ರದರ್ಶನಕ್ಕೆ ಅಡಿಬರಹ ಬೇಕಂತೆ.
ಯಾವುದು ಯಾವುದೆಂದು ಬರೆಯಬೇಕಂತೆ.

ನನಗೆಂತ ಗೊತ್ತು? ಗಂಗೊಳ್ಳಿಯಲ್ಲಿ ಅಪ್ಪ
ಹೊಲಿಗೆ ಮಶೀನು ರಿಪೇರಿ ಮಾಡುತ್ತಿದ್ದ.
ತಗಡು ಒತ್ತಿದ್ದೋ, ಎರಕ ಹೊಯ್ದದ್ದೋ,
ಸವರಿ ಹೇಳುವುದು ಅವನು ಕಲಿಸಿದ್ದು.
ಇಲ್ಲಿ ಬೆರಳಿಗೆ ಸಿಗುವುದು ಬರೀ ಕಾಗದ.
ಹಾಗಾಗಿ ಮಶೀನಿಗೆ ಬಿಡುವ ಎಣ್ಣೆ ಕಣ್ಣಿಗೇ ಬಿಟ್ಟುಕೊಂಡೆ.

ವಾರದಲ್ಲಿ ಕಲಿತದ್ದು:
ಮ್ಯಾಗಜಿನ್ ಎಡಕ್ಕೆ ಕೈ ಚಾಚಿದ್ದರೆ ಇಂಗ್ಲಿಷರದ್ದಿರಬೇಕು;
ಬಾಗಿದ್ದರೆ ಸ್ಟರ್ಲಿಂಗ್, ನೆಟ್ಟಗಿದ್ದರೆ ಸ್ಟೆನ್,
ನೆಟ್ಟಗಿದ್ದೂ ಮರದ ಹಿಂಬದಿ ಇದ್ದರೆ, ತಡೆ, ಅವಸರ ಬೇಡ,
ಲ್ಯಾಂಚೆಸ್ಟರ್ ಇದ್ದೀತು, ಹಡಗಿನವರು ಇಟ್ಟುಕೊಂಡಿದ್ದದ್ದು.
ಹೊಟ್ಟೆಯ ಕೆಳಗೆ ಹಲ್ವದ ಡಬ್ಬಿಯಂಥ ಉರುಟು,
ನಳಿಗೆಯ ಮೇಲೆ ಶಾವಿಗೆ ಒರಳಿನ ಹಾಗೆ ತೂತುಬಿದ್ದ ಅಂಗಿ,
ಮೂತಿ ಓರೆಯಾಗಿ ಕೊಯ್ದದ್ದು: ಶ್ಪಾಗಿನ್, ರಷ್ಯಾದ್ದು.
ಉರುಟಿನ ಬದಲು ಬಾಳೆಕಾಯಿಯ ಬಾಗು ಇದ್ದರೆ
ಚೀನಾದ ನಕಲು ಆಗಬಹುದು, ಆಗದೆಯೂ ಇರಬಹುದು.
ಪ್ರಶ್ನಾರ್ಥಕ ಹಾಕಲು ನಾಚಬಾರದು.
ಇರಾನಿನಲ್ಲೂ ಮಾಡಿದ್ದರಂತೆ; ಅದನ್ನು
ಹಿಂದಿನ ಗುರಿಪಟ್ಟಿ ನೋಡಿ ಹೇಳಬೇಕು.
ಪಟದಲ್ಲಿ ಅದು ಸಾಸಿವೆಯಷ್ಟು. ಭೂತಗನ್ನಡಿ ಹಿಡಿದರೆ
ಸಾಸಿವೆ ದೊಡ್ಡದಾಗುತ್ತದೆ, ಸಾಸಿವೆಯಾಗಿಯೇ.

ಎಲ್ಲ ಹಳೆಯವು. ಬೇರೆ ಯಾರದೋ ಯುದ್ಧಕ್ಕೆ,
ಹಿಮಕ್ಕೆಂದು ಮಾಡಿದ್ದವು ಇಲ್ಲಿಗೆ ಬಂದು
ಲೋಬಾನದ ಮರದ ಬುಡದಲ್ಲಿ ಬಿಸಿಯಾದವು.

ಹನ್ನೊಂದನೆಯ ಪಟದಲ್ಲಿ ಒಂದೇ ಒಂದು.
ಶ್ಪಾಗಿನ್, ಅನುಮಾನವಿಲ್ಲ. ಡಬ್ಬಿ ಒಂದು ಕಡೆ ನೆಗ್ಗಿದೆ.
ಹೆಗಲಪಟ್ಟಿ ಮಾತ್ರ ಯಾವ ಕಾರ್ಖಾನೆಯದ್ದೂ ಅಲ್ಲ:
ಆಡಿನ ಕೂದಲು ಹೊಸೆದು ಹೆಣೆದದ್ದು,
ತುದಿಯಲ್ಲಿ ಮೂರು ಗಂಟು.
ಬರೆದೆ: ಶ್ಪಾಗಿನ್ ಸಬ್‌ಮಶೀನ್ ಗನ್. ವಶಪಡಿಸಿಕೊಂಡದ್ದು.
ಪಟ್ಟಿ ಮೂಲದ್ದಲ್ಲ.

ಬಖೀತ್ ಚಹಾ ತಣಿಯುವವರೆಗೆ ಅದನ್ನು ಓದಿಸಿಕೊಂಡರು,
ಮತ್ತೆ ಮತ್ತೆ, ನನ್ನ ಮುರುಕು ಅರಬ್ಬಿಯಲ್ಲಿ.
ಆಮೇಲೆ ಪೆನ್ಸಿಲು ಕೇಳಿ ಒಂದು ಪದಕ್ಕೆ ಗೀಟು ಎಳೆದರು.
"ವಶಪಡಿಸಿಕೊಂಡದ್ದಲ್ಲ. ಇಳಿದು ಬಂದು ಕೊಟ್ಟದ್ದು.
ಎಣಿಸಿ ದುಡ್ಡು ಕೊಟ್ಟರು. ಡಬ್ಬಿಗೆ ಬೇರೆ ಲೆಕ್ಕ."
ಯಾರು ಅಂತ ನಾನು ಕೇಳಲಿಲ್ಲ.
ಅವರ ಬಲಗೈ ಎಡಹೆಗಲಿಗೆ ಹೋಗಿ
ಅಲ್ಲಿ ಇಲ್ಲದ್ದೊಂದನ್ನು ಸರಿಮಾಡಿಕೊಂಡಿತು.

"ಗಂಟಿಗೆ ಒಬ್ಬ ಮಗ. ನಮ್ಮಮ್ಮನ ಲೆಕ್ಕ ಅದು,
ಹೆಣದ ಲೆಕ್ಕ ಅಂತ ಬರೆದುಬಿಟ್ಟೀಯ.
ಮಧ್ಯದ್ದನ್ನು ಬಿಚ್ಚುವ ದಿನ ಬಂತು. ನಾನು ಬಿಚ್ಚಲಿಲ್ಲ."
ಸ್ವಲ್ಪ ಹೊತ್ತಿನ ಮೇಲೆ, ಬಾಗಿಲ ಕಡೆ ನೋಡುತ್ತ:
"ಪಟ್ಟಿ ವಾಪಸು ಕೇಳಿದ್ದೆ.
ರಶೀದಿಯಲ್ಲಿ ಅದೂ ಸೇರಿಹೋಗಿತ್ತು."

ಅಷ್ಟರಲ್ಲಿ ವೀಸಾ ಫೋಟೋಕ್ಕೆ ಒಬ್ಬ ಬಂದ,
ಸಿಲೆಟಿನ ಹುಡುಗ, ಕೂದಲಿಗೆ ನೀರು ಹಚ್ಚಿಕೊಂಡು.
ಬಿಳಿ ಪರದೆ ಇಳಿಸಿದೆ. ಗಲ್ಲ ಎತ್ತು ಅಂದೆ.
ಎರಡೂ ಕಿವಿ ಕಾಣಬೇಕು, ಅದು ನಿಯಮ.

ಶಟರು ಎಳೆಯುವ ಮುಂಚೆ ಅಡಿಬರಹ ತಿದ್ದಿದೆ.
ವಶದ ಮಾತು ಹೋಯಿತು; ಅಲ್ಲಿ ಜಾಗ ಖಾಲಿ ಬಿಟ್ಟೆ.
ಕೊನೆಯ ಸಾಲಿನ ಬಾಲದಿಂದ
‘ಅಲ್ಲ’ ಒಂದನ್ನು ಅಳಿಸಿದೆ:
ಪಟ್ಟಿ ಮೂಲದ್ದು.