ಗಾರೆ

ಮುಹರ್ರಕ್‌ನ ಮುತ್ತಿನ ವರ್ತಕರ ಈ ಹಳೇ ಮನೆಗಳು
ಬರುವ ಚಳಿಗಾಲಕ್ಕೆ ವಿಶ್ವವಿದ್ಯಾಲಯ.

"ಸಿಮೆಂಟ್ ಕೆತ್ತಿ ತೆಗೀರಿ," ಅಂದ ತಾಳಿಕೋಟೆಯ ಮೌಲಾಲಿ,
"ಹವಳದ ಕಲ್ಲಿಗೆ ಉಬ್ಬಸ."
ಕೆತ್ತಿದೆವು. ಮೂರು ದಿನ
ಗೋಡೆ ಉಪ್ಪು ಬೆವರಿತು.
ನಾಲಿಗೆಗೆ ಹಚ್ಚಿ ನೋಡಿದ:
"ಇನ್ನೂ ಸಮುದ್ರದಾಗ ಐತಿ."

ಏಳು ಮನೆಗಳ ನಡುವೆ
ಮುಚ್ಚಿದ್ದ ಬಾಗಿಲು ಬಿಚ್ಚಿದೆವು,
ತರಗತಿಯಿಂದ ತರಗತಿಗೆ ಗಾಳಿ ದಾಟಲಿ ಅಂತ.

ಮೂಲೆಯ ಕೋಣೆಯಲ್ಲಿ ಮಾತ್ರ
ಪದರದ ಕೆಳಗೆ ಇದ್ದಿಲ ಗೀಟು, ಸಾಲುಸಾಲು.
ಮುಳುಗುವವರ ಸಾಲದ ಲೆಕ್ಕ, ಅಂದ
ಮುದಿ ಕಾವಲುಗಾರ ಸಾಲ್ಮೀನ್.
ಅಪ್ಪನದು ಯಾವುದೆಂದು
ಬೆರಳಿಟ್ಟು ಹುಡುಕಿದ; ಸಿಗಲಿಲ್ಲ.

ಮೌಲಾಲಿ ಅಷ್ಟು ಜಾಗ ಬಿಟ್ಟು ಗಾರೆ ಎಳೆದ.
ನಿನ್ನೆ ಆ ಬಾಗಿಲಿಗೆ ಫಲಕ ಬಂತು.
ಓದಿ ಹೇಳಿದೆ: ಶುಲ್ಕ ವಿಭಾಗ.

"ಕೋಣಿ ಕಸಬು ಬಿಟ್ಟಿಲ್ಲ ನೋಡ್ರಿ," ಅಂದು
ಕರಣೆ ತೊಳೆಯಲು ಕೂತ.