ಬೊಂತೆಲ್ ತಿಂಗಳ ಇಳಿತ

ದಸರೆಯ ಕೊನೆಯ ರವಿಕೆ ಕೊಟ್ಟು ಶಟರು ಎಳೆದೆ.
‘ಒಂದು ವಾರ ಅಂಗಡಿ ಇಲ್ಲ’ ಎಂದು ಬರೆದ ರಟ್ಟಿನಲ್ಲಿ
ಕಾರಣ ಬರೆಯಲಿಲ್ಲ. ಕೆಮ್ಮಣ್ಣಿನಲ್ಲಿ ಯಾರು ಕೇಳಿದರೂ
ಬೆನ್ನುನೋವು ಎನ್ನಬೇಕೆಂದು ಮನೆಯವಳಿಗೆ ಹೇಳಿದ್ದೆ.

ಹೊಳೆಗೆ ಕರೆದವರು ಬೋನಿಫಾಸರು.
ತೂಬಿನ ಬಳಿಯ ಹತ್ತು ಮಾರು ದಂಡೆ ಅವರದು.
ಪಟ್ಟಾ ಇಲ್ಲ, ಆರ್‌ಟಿಸಿ ಇಲ್ಲ; ನಲವತ್ತು ವರ್ಷ
ಕೂತು ಕೂತು ನುಣುಪಾದ ಒಂದು ಮುರಕಲ್ಲು ಉಂಟು, ಅಷ್ಟೇ.
ಬೇರೆಯವರು ಅಲ್ಲಿ ಗಾಳ ಹಾಕುವುದಿಲ್ಲ.
ಹಾಕಿದರೆ ಅವರು ಬೈಯುವುದೂ ಇಲ್ಲ,
ಪಕ್ಕದಲ್ಲಿ ನಿಂತು ಕೆಮ್ಮುತ್ತಾರೆ.

ಮೊದಲ ದಿನ ಹೊಳೆ ಇನ್ನೂ ಕದಡಿಯೇ ಇತ್ತು,
ಘಟ್ಟದ ಮಣ್ಣು ತೊಳೆದು ಮುಗಿದಿರಲಿಲ್ಲ ಸ್ವರ್ಣೆಗೆ.
“ನೀರು ಚಹಾದ ಬಣ್ಣಕ್ಕೆ ಬರಬೇಕು ಮಾರಾಯ,
ಹಾಲು ಹಾಕದ ಚಹಾ. ಆಗ ಇಳಿಯುತ್ತದೆ ಕೆಂಬೇರಿ.”
ಉಪ್ಪಿನಲ್ಲಿ ಹುಟ್ಟಿ, ಕಾಂಡ್ಲದ ಬೇರಿನಲ್ಲಿ ಬೆಳೆದು,
ಮೈ ತುಂಬಿದ ಮೇಲೆ ಹೊಳೆ ಬಿಡುವ ಮೀನು.
ದಾರಿಯನ್ನು ಯಾರೂ ಹೇಳಿಕೊಡುವುದಿಲ್ಲವಂತೆ.
ನನಗೆ ಸಿಕ್ಕಿದ್ದು ಒಂದು ತೇಡೆ,
ಅದರ ಮುಳ್ಳು ಹೊಕ್ಕ ಹೆಬ್ಬೆರಳು.

ಎರಡನೆಯ ದಿನ ಏಡಿ ಬಂದು ಎಟ್ಟಿ ತಿಂದು ಹೋಯಿತು.
ಮೂರನೆಯ ದಿನವೂ ಏಡಿಯೇ. ಅದೇ ಏಡಿ ಇರಬೇಕು.

ಅಂದೇ ನಾನು ನೋಡಿದ್ದು:
ಬೋನಿಫಾಸರ ಬಲಗೈ ನಡುಗುತ್ತದೆ.
ಗಾಳದ ಕಣ್ಣು ಒಂದು ಕಡೆ, ತಂಗೂಸಿ ಒಂದು ಕಡೆ.
ಮೂರು ಸಲ, ನಾಲ್ಕು ಸಲ. ಕೊನೆಗೆ ಹೊಳೆಯನ್ನೇ ನೋಡುತ್ತ
ಬೇರೆ ಯಾರದೋ ಮಾತೆಂಬಂತೆ, “ನೀನು ದರ್ಜಿಯಲ್ಲವಾ.”

ಹಾಗಾದರೆ ಇದಕ್ಕೆ ಕರೆದದ್ದು.
ಒಳ್ಳೇದೇ ಆಯಿತು. ಮೀನಿನ ವಿಷಯ ನನಗೆ ಗೊತ್ತಿಲ್ಲ,
ಹುಕ್ಕಿನ ವಿಷಯ ಗೊತ್ತು. ಎಷ್ಟು ಬೆನ್ನುಗಳು
ನನ್ನ ಗಂಟನ್ನು ನಂಬಿ ಮದುವೆಗೆ ಹೋಗಿ ಕುಣಿದು ಬಂದಿಲ್ಲ!
ಕಾಜಾದ ಗಂಟು ಹಾಕಿ, ಎಂಜಲು ಹಚ್ಚಿ, ಬಿಗಿದು,
ಹಲ್ಲಿನಲ್ಲಿ ಕಡಿದು ಕೊಟ್ಟೆ.
ಸಂಜೆಯೊಳಗೆ ದಂಡೆಯುದ್ದಕ್ಕೂ ಸುದ್ದಿ.
ಸೇತುವೆಯ ಹುಡುಗರು ಬಂದರು, ಕುದ್ರಿನ ಅಬೂಸಾಲಿ ಬಂದ,
ಮರುವಾಯಿ ಹೆಕ್ಕುವ ಬೇಬಿ ಮರಕಾಲ್ತಿ ಕೂಡ
ಹರಿದ ಚೀಲ ತಂದಳು, “ಇದಕ್ಕೊಂದು ಹೊಲಿಗೆ.”
ರಜೆಯಲ್ಲೂ ಅಂಗಡಿ.

ಗುರುವಾರ ಮಳೆ. ಹೋಗಲಿಲ್ಲ.

ಶುಕ್ರವಾರ ರಾತ್ರಿ, ಇಳಿತ ಶುರುವಾಗಿ ಅರ್ಧ ಗಂಟೆ,
ತೂಬಿನ ಹಲಗೆ ಗುಟುಕರಿಸುತ್ತಿರುವಾಗ
ಬೋನಿಫಾಸರ ಕೋಲು ತಲೆ ಬಗ್ಗಿಸಿತು.
ಬೀಡಿ ನೀರಿಗೆ ಬಿತ್ತು. “ಧರ್ ರೇ!” ಎಂದರು,
ಕನ್ನಡ ಹುಡುಕುವಷ್ಟು ಸಮಯ ಇರಲಿಲ್ಲ.
ಹಿಡಿದೆ. ಕತ್ತಲ ಆ ತುದಿಯಲ್ಲಿ ಯಾರೋ
ಹೊಲಿಗೆ ಬಿಚ್ಚುತ್ತಿದ್ದರು, ಸರಸರ, ಸರಸರ,
ಇಷ್ಟು ವರ್ಷ ನಾನು ಹೊಲಿದ ಎಲ್ಲವನ್ನೂ.
ಬೇರಿನ ಕಡೆ ಬಿಡಬೇಡ, ಬೇರಿನ ಕಡೆ ಬಿಡಬೇಡ!
ಕೋಲು ಮುರಿಯಿತು. ತಂಗೂಸಿ ಅಂಗೈ ಕೊಯ್ದಿತು.
ಗಂಟು ನಿಂತಿತು.

ಟಾರ್ಚಿನ ಬೆಳಕಿಗೆ ಬಂದದ್ದು ಕೆಂಪು,
ಯಾವ ಥಾನಿನಲ್ಲೂ ನಾನು ಕಾಣದ ಕೆಂಪು.
ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು,
ಗುಂಡಿ ಉದುರಿದ ಕಾಜಾದ ಹಾಗೆ.
ಬೆಂಗ್ರೆಯ ಆಚೆ ಅಲೆಯ ಸದ್ದು ನಮಗೇ ಕೇಳುತ್ತಿತ್ತು,
ಅದಕ್ಕೆ ಕೇಳದೆ ಇರುತ್ತದೆಯೇ.
ಬಿಡುವ ಮಾತು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.
ತಲೆ ಅವರಿಗೆ, ಬಾಲದ ಕಡೆ ನನಗೆ,
ನಡುವಿನ ತುಂಡು ಬೇಬಿ ಮರಕಾಲ್ತಿಗೆ,
ಕತ್ತಿ ಅವಳದಾದ್ದರಿಂದ.

ಬಾಯಿಂದ ಬಿಡಿಸಿದ ಗಾಳವನ್ನು ಬೋನಿಫಾಸರು
ಬೆಳಕಿಗೆ ಹಿಡಿದು ನೋಡಿದರು, ತುಂಬ ಹೊತ್ತು,
ಮೀನನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.
ಕೈ ನಡುಗುತ್ತಲೇ ಇತ್ತು.
ಗಂಟಿನ ಸಮೇತ ಕಿಸೆಗೆ ಹಾಕಿಕೊಂಡರು.

ಸೋಮವಾರ ಶಟರು ಎತ್ತಿದೆ.
ಶಾಲೆಯ ಟೀಚರಮ್ಮ ಅಳತೆಯ ರವಿಕೆ ಮೇಜಿನ ಮೇಲಿಟ್ಟು
“ಬೆನ್ನು ಹೇಗುಂಟು ಈಗ?” ಎಂದರು.
ಅಂಗೈಯ ಹಳೆಯ ಗೆರೆಗಳ ಮೇಲೆ ಅಡ್ಡಲಾಗಿ ಹೊಸದೊಂದು ಗೆರೆ,
ಟೇಪು ಜಾರಿದಾಗ ಉರಿಯುತ್ತದೆ.
“ಇಳಿದಿದೆ,” ಎಂದೆ.