ಒಂದೇ ಪೈರು

ಒಂದು ಗುತ್ತಿಗೆ ಒಂದೇ ಪೈರು, ಎಂದೆ.
ಒಂದೇ?
ಹೊಂಬಾಳಮ್ಮ ಎಲೆಅಡಿಕೆ ಉಗಿದು ನಕ್ಕಳು:
"ಒಂಟಿ ಹೆಣ್ಣ ಮಡಗಿ ಬಂದಂಗಾಯ್ತಲ್ಲ ಮಗಾ,
ಐದಾರು ಜೊತೇಲಿದ್ರೆ ಒಂದಾದ್ರೂ ಬದುಕ್ತದೆ."

ನನ್ನ ಕೈಯಲ್ಲಿ ಹಗ್ಗ.
ಗೇಣಿನ ಮೇಲೆರಡು ಬೆರಳಿಗೊಂದು ಗಂಟು,
ಗಂಟಿಗೊಂದು ಕೆಂಪು ಬಟ್ಟೆ ಚೂರು.
ನನ್ನ ಹಳೆ ಲಂಗದ್ದು, ಯಾರಿಗೂ ಹೇಳಿಲ್ಲ.
ಹನ್ನೆರಡು ದಿನದ ಪೈರು,
ಬುಡದಲ್ಲಿ ಇನ್ನೂ ಕಾಳು ಅಂಟಿಕೊಂಡಿದೆ.
ಕೆಸರಿಗೆ ಒತ್ತಬೇಡಿ, ತಾಗಿಸಿ ಸಾಕು.
"ಕಾಡಿಗೆ ಇಕ್ಕಿದಂಗಾ?" ಮರಿಸಿದ್ದಮ್ಮ ಕೇಳಿದಳು.
ಹೌದು, ಹಾಗೇ.

ನಾಟಿ ಮುಗಿದ ಸಂಜೆ
ಕೊತ್ತತ್ತಿ ಬಯಲಲ್ಲಿ ಅದೊಂದೇ ಗದ್ದೆ ಬೋಳು.
ಬಸ್ಸಿಳಿದವರೆಲ್ಲ ನಿಂತು ನೋಡಿ ಹೋದರು.
ಗದ್ದೆಯೊಡೆಯ ದ್ಯಾವಣ್ಣ ಮೂರು ದಿನ
ಆ ಕಡೆಯ ದಾರಿಯನ್ನೇ ತುಳಿಯಲಿಲ್ಲ.

ನಾಲೆಗೆ ಕಟ್ಟು ನೀರು.
ನೀರುಗಂಟಿ ಕರಿಯಯ್ಯ ತೂಬಿನ ಮೇಲೆ ಕೂತು
ಬೀಡಿಯ ಲೆಕ್ಕದಲ್ಲಿ ಹಂಚುತ್ತಾನೆ:
ಮೇಲಿನವರಿಗೆ ಮೂರು ಬೀಡಿ, ನಮಗೆ ಒಂದು.
ಅಷ್ಟೇ ಸಾಕಾಯಿತು ಈ ಸಲ.
ನೆಲ ಕೂದಲೆಳೆಯಷ್ಟು ಬಿರುಕು ಬಿಟ್ಟಾಗ ನೀರು,
ಮತ್ತೆ ಒಣಗು, ಮತ್ತೆ ನೀರು.
ಬಾಯಾರಿದ ದನದ ಹಾಗೆ ಬೇರು
ದಾರಿ ತಾನೇ ಹುಡುಕಿಕೊಂಡು ಇಳಿಯಿತು.

ನಲವತ್ತನೇ ದಿನ ಹೊಂಬಾಳಮ್ಮನೇ ಕೂಗಿದಳು.
ಮಂಡಿಯೂರಿ ತೆಂಡೆ ಎಣಿಸುತ್ತಿದ್ದಳು,
ಮೂವತ್ತೇಳು, ಮೂವತ್ತೆಂಟು,
ತಪ್ಪಿತು ಅಂತ ಮತ್ತೆ ಮೊದಲಿಂದ.
"ಒಂಟಿ ಅಂದಿದ್ನಲ್ಲ, ನೋಡು,
ಮನೆ ತುಂಬಾ ಮಕ್ಕಳು ಇವಳಿಗೆ."

ಇಲ್ಲಿಗೆ ಮುಗಿಯಬೇಕಿತ್ತು.
ಇಲಾಖೆಯ ಜೀಪು ಬಂತು,
ದ್ಯಾವಣ್ಣನ ಕೈಗೆ ತೆನೆ ಕೊಟ್ಟು ನಗಿಸಿದರು.
ಫೋಟೋದ ಅಂಚಲ್ಲಿ ಅರ್ಧ ಸೆರಗು, ಅದು ನಾವು.

ಹನ್ನೆರಡು ಜನ ನಾಕು ದಿನ ನೆಡುತ್ತಿದ್ದ ಗದ್ದೆಗೆ
ಈಗ ಏಳು ಜನ, ಎರಡು ದಿನ.
ಕಳೆಗೆ ನಮ್ಮನ್ನು ಕರೆಯುವುದೇ ಇಲ್ಲ,
ಒಬ್ಬ ಹುಡುಗ ಯಂತ್ರ ತಳ್ಳಿಕೊಂಡು
ಸಾಲಿನಲ್ಲಿ ಹೋಗುತ್ತಾನೆ, ಬರುತ್ತಾನೆ.
ಕಳೆಯ ಜೊತೆ ಹೊನಗೊನ್ನೆಯೂ ಹೋಯಿತು,
ಒಂದೆಲಗವೂ, ನಮ್ಮ ಸಾರಿನ ಪಾತ್ರೆಯಿಂದ.
ಎಕರೆಗೆ ಆರು ಮೂಟೆ ಹೆಚ್ಚು, ನಿಜ.
ನಾವು ಉಣ್ಣುವುದು ಮಾತ್ರ
ಯಾವುದೋ ರಾಜ್ಯದಿಂದ ರೈಲು ಹತ್ತಿ ಬಂದ
ರೇಷನ್ ಅಕ್ಕಿ.
ನಾವು ನೆಟ್ಟದ್ದು ಯಾವ ಊರ ಒಲೆಯಲ್ಲಿ ಬೇಯುತ್ತದೋ.

ಮರಿಸಿದ್ದಮ್ಮ ಒಂದು ದಿನ
ಬದುವಿನ ಮೇಲೆ ಕೂತಲ್ಲೇ ಕೇಳಿದಳು:
"ಗದ್ದೆ ನಿಂದು ದ್ಯಾವಣ್ಣ. ಇದು ಯಾರ್ದು?"
ಎಮ್ಮೆ ಬೆನ್ನು ತಟ್ಟಿದ ಹಾಗೆ
ಅಂಗೈಯಲ್ಲಿ ಬದುವನ್ನು ತಟ್ಟಿದಳು.
ಬದುವನ್ನು ಪಹಣಿಯಲ್ಲಿ ಯಾರು ಬೇರೆ ಬರೆಯುತ್ತಾರೆ?
ಅವನು ತಲೆ ಕೆರೆದುಕೊಂಡ.
"ಇಲಿ ಬಿಲ ತೋಡ್ದಂಗೆ ನೋಡ್ಕಳಿ, ಮಾಡ್ಕಳಿ."
ಅಷ್ಟೇ ಕರಾರು. ಸಹಿ ಇಲ್ಲ.

ಈಗ ಬದುವಿನುದ್ದ ತೊಗರಿ, ಅಲಸಂದೆ,
ಮೂಲೆಯಲ್ಲಿ ಹುಳ ಬಿದ್ದ ಒಂದು ಬೆಂಡೆ ಗಿಡ.
ಮುಂದಿನ ಬೆಳೆಗೆ ದ್ಯಾವಣ್ಣ ಮಾತು ಮುರಿಯಬಹುದು,
ನಾಲೆಯೇ ಬತ್ತಬಹುದು.
ನನ್ನ ಹಗ್ಗದ ಗಂಟುಗಳೂ ಸಡಿಲಾಗಿವೆ.

ನಿನ್ನೆ ಹೊಂಬಾಳಮ್ಮ ಮಡಿಲ ತುಂಬ ಕಾಯಿ ಕಿತ್ತು
ಅಳೆಯದೆ ನನ್ನ ಸೆರಗಿಗೆ ಸುರಿದಳು.
"ನಿನ್ನ ಮಾತು ಕೇಳಿ ಗುಣಿಗೊಂದೇ ಕಾಳು ಹಾಕ್ದೆ ಕನೆ.
ಇನ್ನೊಂದು ಹಿಡಿ
ಸೆರಗಿನ ಗಂಟಲ್ಲೇ ಐತೆ,
ಯಾವುದಕ್ಕೂ ಇರಲಿ ಅಂತ."